ಪ್ರಶ್ನೋತ್ತರ: ಪರದೇಶಕ್ಕೆ ಓದಲು ಹೋದವರ ಮೊದಲ ತಿಂಗಳುಗಳು

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತವು. ನಾಲ್ಕೂ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮನೆಗಳಿಂದ ಹೊರಟು ಜರ್ಮನಿಯ ವಿಶ್ವವಿದ್ಯಾಲಯಗಳನ್ನು ಸೇರಿರುವ ಅಥವಾ ಸೇರಲಿರುವ ಮಕ್ಕಳಿಗೆ ಸಂಬಂಧಿಸಿದವು. ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್ ಎಂಬ ಊರಿನಲ್ಲಿ ಎರಡೂವರೆ ವರ್ಷ ಓದಿ, ಮರಳಿ ಬಂದು ಇಲ್ಲಿಯೇ ಪಾಠ ಹೇಳುತ್ತಿರುವವಳಾದ್ದರಿಂದ ಸಂಪಾದಕರು ಈ ಪತ್ರಗಳನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವನು. ಎಂ.ಎಸ್. ಓದಲು ಜರ್ಮನಿಗೆ ಬಂದು ಇಪ್ಪತ್ತೆರಡು ದಿನಗಳಾದವು. ತಾತ್ಕಾಲಿಕವಾಗಿ ಸಿಕ್ಕಿದ ಕೋಣೆಯೊಂದರಲ್ಲಿ ಇದ್ದೇನೆ. ವಿಳಾಸ ನೋಂದಣಿಯಾಗದೆ ಬ್ಯಾಂಕ್ ಖಾತೆ ಆಗುತ್ತಿಲ್ಲ, ಖಾತೆಯಿಲ್ಲದೆ, ವೀಸಾಕ್ಕಾಗಿ ಮೊದಲೇ ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನ ಹಣ ಕೈಗೆ ಬರುತ್ತಿಲ್ಲ. ತಂದ ಹಣ ಕರಗುತ್ತಿದೆ. ತರಗತಿಯಲ್ಲಿ ಯಾರೊಡನೆಯೂ ಮಾತಿಲ್ಲ, ರಾತ್ರಿ ನಿದ್ರೆಯಿಲ್ಲ. ಅಪ್ಪ ತೋಟದ ಮೇಲೆ ಸಾಲ ಮಾಡಿ ಕಳುಹಿಸಿರುವುದರಿಂದ ಮನೆಯಲ್ಲಿ ಏನನ್ನೂ ಹೇಳಲಾರೆ. ವಾಪಸು ಬಂದುಬಿಡಲೇ ಎನ್ನಿಸುತ್ತಿದೆ. ನಾನು ಇಲ್ಲಿಗೆ ಬಂದದ್ದೇ ತಪ್ಪಾಯಿತೇ?

ಉತ್ತರ: ತಮ್ಮಾ, ನೀನು ಹೋದದ್ದು ತಪ್ಪಲ್ಲ, ಇಪ್ಪತ್ತೆರಡನೆಯ ದಿನ ಅದನ್ನು ತೀರ್ಮಾನಿಸುವ ದಿನವೂ ಅಲ್ಲ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕಾಗದಪತ್ರದ ತೊಡಕು ಒಂದು, ಮನಸ್ಸಿನ ತಳಮಳ ಇನ್ನೊಂದು. ಎರಡೂ ಸುತ್ತಿಕೊಂಡಿರುವುದರಿಂದ ಬಿಡಿಸಲಾಗದ ಗಂಟಿನಂತೆ ನಿನಗೆ ಕಾಣುತ್ತಿದೆ. ಮೊದಲು ಕಾಗದದ ಎಳೆಯನ್ನು ಹಿಡಿಯೋಣ, ಏಕೆಂದರೆ ಅದರ ತುದಿ ಎಲ್ಲಿದೆಯೆಂದು ಗೊತ್ತಿದೆ.

ಆ ದೇಶದಲ್ಲಿ ಎಲ್ಲ ಕೆಲಸಕ್ಕೂ ಬುಡ ವಿಳಾಸ. ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎನ್ನುವ ನಾಗರಿಕ ಸೇವಾ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂಬುದು ಅಲ್ಲಿನ ಕಾನೂನು. ನೀವೆಲ್ಲ ಆನ್‌ಮೆಲ್ಡುಂಗ್ ಎಂದು ಹೇಳಿಕೊಳ್ಳುವುದು ಇದನ್ನೇ. ಅದಕ್ಕೆ ಪಾಸ್‌ಪೋರ್ಟಿನ ಜೊತೆಗೆ, ಈ ವ್ಯಕ್ತಿ ಇಂಥ ದಿನದಿಂದ ನಮ್ಮ ಮನೆಯಲ್ಲಿ ವಾಸವಿದ್ದಾನೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಅದಕ್ಕೆ ಬದಲಿಯಾಗುವುದಿಲ್ಲ. ತಾತ್ಕಾಲಿಕವಾಗಿ ಕೋಣೆ ಕೊಟ್ಟವರು ಈ ಪತ್ರಕ್ಕೆ ಹಿಂದೆಮುಂದೆ ನೋಡುವುದುಂಟು, ನಿನ್ನ ವಿಷಯದಲ್ಲಿಯೂ ಹಾಗೇ ಆಗಿರಬೇಕು. ಆದರೆ ವಾಸಕ್ಕೆ ಕೊಟ್ಟ ಮೇಲೆ ಪತ್ರವನ್ನೂ ಕೊಡುವುದು ಕಾನೂನಿನ ಪ್ರಕಾರ ಅವರ ಹೊಣೆ. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಇಮೇಲ್‌ನಲ್ಲಿ ಕೇಳು. ಆಗಲಿಲ್ಲವೆಂದರೆ ಅದೇ ಇಮೇಲ್ ಹಿಡಿದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗು. ಇಂಥ ಪ್ರಶ್ನೆಗಳಿಗಾಗಿಯೇ ಅವರು ಅಲ್ಲಿ ಕುಳಿತಿರುವುದು, ನಿನ್ನದು ಅವರಿಗೆ ಹೊಸ ಪ್ರಶ್ನೆಯಲ್ಲ. ನೋಂದಣಿ ಕಚೇರಿಯ ಭೇಟಿ ದೂರದ ದಿನಕ್ಕೆ ಸಿಕ್ಕಿದ್ದರೆ, ಕಾಯ್ದಿರಿಸಿದ್ದರ ಪುರಾವೆಯನ್ನು ತೆಗೆದಿಟ್ಟುಕೋ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಬೇರೆಯವರು ರದ್ದು ಮಾಡಿದ ವೇಳೆಗಳು ಜಾಲತಾಣದಲ್ಲಿ ಕಾಣಿಸಿಕೊಳ್ಳುವುದುಂಟು, ಅದನ್ನೂ ನೋಡುತ್ತಿರು.

ಹಣದ ವಿಷಯ. ನೀನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟಿರುವ ಮೊತ್ತ ತಿಂಗಳ ಕಂತಾಗಿ ಬರುವಂಥದು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ ಎಂದು ನಿಗದಿಯಾಗಿದೆ. ಅದು ಎಲ್ಲಿಗೂ ಹೋಗಿಲ್ಲ, ನಿನ್ನ ಹೆಸರಿನಲ್ಲಿಯೇ ಇದೆ. ಅದನ್ನು ಪಡೆಯಲು ಬೇಕಾದ ಚಾಲ್ತಿ ಖಾತೆಗೆ ನೋಂದಣಿ ಪತ್ರವನ್ನು ಮೊದಲೇ ಕೇಳದ ಬ್ಯಾಂಕುಗಳೂ ಅಲ್ಲಿವೆ, ಪಾಸ್‌ಪೋರ್ಟ್ ತೋರಿಸಿ ವಿಡಿಯೊ ಕರೆಯಲ್ಲಿ ಗುರುತು ದೃಢಪಡಿಸಿದರೆ ಸಾಕು. ನಿನ್ನ ಹಿರಿಯ ವಿದ್ಯಾರ್ಥಿಗಳಲ್ಲಿ ಯಾರನ್ನು ಕೇಳಿದರೂ ಈ ವರ್ಷ ಯಾವ ಬ್ಯಾಂಕಿನಲ್ಲಿ ಹಾಗೆ ಆಗುತ್ತಿದೆಯೆಂದು ಹೇಳುತ್ತಾರೆ. ಇದರ ನಡುವೆ ವೀಸಾ ಮುಗಿಯುವ ದಿನವನ್ನು ಮರೆಯಬೇಡ. ಅದಕ್ಕೂ ಮೊದಲೇ ವಿದೇಶೀಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ದಿನಾಂಕವನ್ನು ಮೇಜಿನ ಎದುರಿನ ಗೋಡೆಗೆ ಬರೆದು ಅಂಟಿಸು.

ಯಾರೂ ಹೇಳದ ಇನ್ನೊಂದು ಸಣ್ಣ ಸಂಗತಿಯಿದೆ. ನಿನ್ನ ಕಟ್ಟಡದ ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರಿದೆಯೇ? ಇಲ್ಲಿ ನಮ್ಮ ಅಂಚೆಯವರು ಇಂಥವರ ಮಗ ಎಂದರೆ ಮನೆ ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಕಳುಹಿಸಿದವರಿಗೇ ಮರಳುತ್ತದೆ. ಬ್ಯಾಂಕಿನ ಕಾರ್ಡು, ಅದರ ಗುಪ್ತಸಂಖ್ಯೆ, ವಿಮೆಯ ಕಾರ್ಡು, ತೆರಿಗೆ ಗುರುತಿನ ಸಂಖ್ಯೆ ಎಲ್ಲವೂ ಅಲ್ಲಿ ಅಂಚೆಯಲ್ಲಿಯೇ ಬರುತ್ತವೆ. ನನ್ನ ಕಾರ್ಡು ಹೀಗೆಯೇ ಮರಳಿ ಹೋಯಿತು. ಮೂರು ವಾರ ಏಕೆ ಬರಲಿಲ್ಲವೆಂದು ತಿಳಿಯದೆ ನಾನೂ ನಿನ್ನ ಹಾಗೆ ರಾತ್ರಿಯೆಲ್ಲ ಎದ್ದು ಕುಳಿತಿದ್ದೆ. ಕೊನೆಗೆ ಕಾರಣ ತಿಳಿಸಿದವರು ಕೆಳಮನೆಯ ವೃದ್ಧೆ. ಅವರ ಎದುರಿಗೇ ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಮಳೆ ನೀರು ತಾಗದಂತೆ ಮೇಲೆ ಟೇಪು ಹಚ್ಚಿ ಅಂಟಿಸಿದೆ. ನಮ್ಮ ಕಡೆಯ ಅನೇಕರ ಪಾಸ್‌ಪೋರ್ಟುಗಳಲ್ಲಿ ಇರುವಂತೆ ನನ್ನದರಲ್ಲಿಯೂ ಉಪನಾಮದ ಜಾಗದಲ್ಲಿದ್ದುದು ತಂದೆಯ ಹೆಸರು. ಅಲ್ಲಿ ಪೆಟ್ಟಿಗೆಯ ಮೇಲೆ ಬರೆಯುವುದು ಉಪನಾಮವನ್ನು. ಹಾಗಾಗಿ ಎರಡೂವರೆ ವರ್ಷ ಆ ಪೆಟ್ಟಿಗೆಯ ಮೇಲೆ ನನ್ನ ಅಪ್ಪನ ಹೆಸರಿತ್ತು, ಕಚೇರಿಗಳಲ್ಲಿ ನನ್ನನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ. ಮೊದಲು ಅದು ಇರಿಸುಮುರಿಸಾಗಿತ್ತು. ಆಮೇಲೆ ಸಂಜೆ ಮೆಟ್ಟಿಲು ಹತ್ತುವಾಗ ಆ ಚೀಟಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ಹೋಗುವುದು ರೂಢಿಯಾಯಿತು.

ಇನ್ನು ಮನಸ್ಸಿನ ಮಾತು. ಒಂದು ಊರು ನಮಗೆ ಒಗ್ಗಬೇಕಾದರೆ ಅಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರಬೇಕು ಎಂಬುದು ನಾನು ಕಂಡುಕೊಂಡದ್ದು. ಆ ಒಬ್ಬರು ತಾವಾಗಿ ಬರುವುದಿಲ್ಲ. ನಮ್ಮಲ್ಲಿ ಪಕ್ಕದಲ್ಲಿ ಕುಳಿತವರು ಬಸ್ಸು ಹೊರಡುವುದರೊಳಗೆ ಯಾವ ಊರು, ಯಾರ ಮಗ ಎಂದು ವಿಚಾರಿಸಿಬಿಡುತ್ತಾರೆ. ಅಲ್ಲಿ ಕೇಳದೆ ಇರುವುದೇ ಮರ್ಯಾದೆ. ಅವರ ಮೌನವನ್ನು ತಿರಸ್ಕಾರವೆಂದು ತಿಳಿದು ನಾವು ಇನ್ನಷ್ಟು ಮುದುಡಿಕೊಳ್ಳುತ್ತೇವೆ. ನೀನೇ ಮೊದಲು ಕೇಳಬೇಕು, ಅದೂ ದೊಡ್ಡ ಮಾತಲ್ಲ: ಈ ಟಿಪ್ಪಣಿ ಎಲ್ಲಿ ಸಿಗುತ್ತದೆ, ಈ ಪತ್ರದಲ್ಲಿ ಏನು ಬರೆದಿದೆ, ಕಸದ ಯಾವ ಡಬ್ಬಿಗೆ ಇದನ್ನು ಹಾಕಬೇಕು. ಸಹಾಯ ಕೇಳಿದವರಿಗೆ ಆ ಜನ ನಿಂತು, ಪೂರ್ತಿಯಾಗಿ ಉತ್ತರ ಹೇಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಮಧ್ಯಾಹ್ನದ ಊಟಕ್ಕೆ ವಿಶ್ವವಿದ್ಯಾಲಯದ ಮೆನ್ಸಾಕ್ಕೆ ಹೋಗು. ಕೋಣೆಯಲ್ಲಿ ಒಬ್ಬನೇ ಬ್ರೆಡ್ ತಿನ್ನುವುದಕ್ಕಿಂತ ಅಲ್ಲಿ ತಟ್ಟೆ ಹಿಡಿದು ಒಂದು ಮೇಜಿಗೆ ಹೋಗಿ ಕುಳಿತುಕೊಳ್ಳಬಹುದೇ ಎಂದು ಕೇಳುವುದು ಮೇಲು. ನೀನು ಇಂಗ್ಲಿಷ್ ಅಥವಾ ಕನ್ನಡ ಕಲಿಸಿ ಅವರಿಂದ ಜರ್ಮನ್ ಕಲಿಯುವ ಟ್ಯಾಂಡೆಮ್ ಎಂಬ ಜೋಡಿ ವ್ಯವಸ್ಥೆ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿದೆ, ಅದಕ್ಕೂ ಹೆಸರು ಕೊಡು.

ಭಾನುವಾರವನ್ನು ಕುರಿತು ಮುಂಚೆಯೇ ಎಚ್ಚರಿಸುತ್ತೇನೆ. ಅಂದು ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬೀದಿ ಸದ್ದಿಲ್ಲದೆ ಮಲಗಿರುತ್ತದೆ, ಮನೆಯ ನೆನಪು ಎದೆಗೆ ಒತ್ತುವುದು ಆ ದಿನವೇ. ಶನಿವಾರ ಸಂಜೆಯೊಳಗೆ ಸಾಮಾನು ತಂದಿಟ್ಟುಕೊಂಡು ಭಾನುವಾರ ಅಡುಗೆ ಮಾಡು. ನನ್ನ ವಿದ್ಯಾರ್ಥಿನಿಲಯದಲ್ಲಿ ಇದ್ದದ್ದು ದಪ್ಪ ಕಬ್ಬಿಣದ ತಟ್ಟೆಯ ವಿದ್ಯುತ್ ಒಲೆ. ಗ್ಯಾಸ್ ಒಲೆಯ ಹಾಗೆ ಅದು ಆರಿಸಿದ ಕೂಡಲೇ ತಣಿಯುವುದಿಲ್ಲ, ಬಹಳ ಹೊತ್ತು ಕಾವು ಹಿಡಿದಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ಸಲ ಹಿಟ್ಟಿಗೆ ಇಟ್ಟಾಗ ತಳ ಹತ್ತಿ ಪಾತ್ರೆ ಕಪ್ಪಾಯಿತು. ಮುಂದಿನ ವಾರ ಎಸರು ಮರಳಿ ರಾಗಿಹಿಟ್ಟು ಸುರಿದ ಕೂಡಲೇ ಒಲೆ ಆರಿಸಿ, ಉಳಿದ ಕಾವಿನಲ್ಲಿಯೇ ಬೇಯಲು ಬಿಟ್ಟು, ಮರದ ಸೌಟಿನ ಹಿಡಿಯಿಂದ ಗಂಟಾಗದಂತೆ ತಿರುವಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದೆ. ಹುರುಳಿ ಸಿಕ್ಕಿರಲಿಲ್ಲ, ಅಲ್ಲಿನ ಅಂಗಡಿಗಳಲ್ಲೆಲ್ಲ ಸಿಗುವ ಕಂದು ಬಣ್ಣದ ಲಿನ್ಸನ್ ಕಾಳನ್ನು ಬೇಯಿಸಿ, ಬೆಳ್ಳುಳ್ಳಿ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಹಾಕಿದರೆ ಹುರುಳಿಸಾರಿಗೆ ಬಹಳ ಹತ್ತಿರ ಬರುತ್ತದೆ. ಪಕ್ಕದ ಕೋಣೆಯ ಹುಡುಗಿ ಬಾಗಿಲಲ್ಲಿ ನಿಂತು ಈ ಉಂಡೆ ಏನೆಂದು ಕೇಳಿದಳು. ಅಗಿಯದೆ ನುಂಗಬೇಕೆಂದು ಹೇಳಿ ಒಂದು ತುತ್ತು ಕೊಟ್ಟೆ. ಮುಂದಿನ ಎರಡು ವರ್ಷ ಸರ್ಕಾರಿ ಪತ್ರಗಳನ್ನು ನನಗೆ ಓದಿ ಅರ್ಥ ಹೇಳಿದವಳು ಅವಳೇ.

ಇಷ್ಟಾಗಿಯೂ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ತಡಮಾಡಬೇಡ. ವಿದ್ಯಾರ್ಥಿನಿಲಯ, ಮೆನ್ಸಾಗಳನ್ನು ನಡೆಸುವ ಸ್ಟುಡಿಯರೆಂಡನ್‌ವೆರ್ಕ್ ಸಂಸ್ಥೆಗಳಲ್ಲಿ ಮನಶ್ಶಾಸ್ತ್ರಜ್ಞರ ಸಲಹಾ ಕೇಂದ್ರಗಳಿವೆ, ಹೇಳಿಕೊಂಡ ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ, ಹಲವೆಡೆ ಇಂಗ್ಲಿಷಿನಲ್ಲಿಯೂ ಮಾತನಾಡಬಹುದು. ಜೀವಕ್ಕೆ ಕುತ್ತು ತಂದುಕೊಳ್ಳುವ ಯೋಚನೆ ಒಂದು ಗಳಿಗೆ ಸುಳಿದರೂ 112ಕ್ಕೆ ಕರೆ ಮಾಡು, ಇಲ್ಲವೇ ಪಕ್ಕದ ಬಾಗಿಲು ತಟ್ಟು.

ಅಪ್ಪನಿಗೆ ಹೇಳಲಾರೆ ಎಂದು ಬರೆದಿದ್ದೀಯೆ. ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಎಂದು ನಿನ್ನ ಸಾಲಕ್ಕಾಗಿ ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಅಲೆದವರು ಅವರು. ಒಂದು ಕಾಗದಕ್ಕಾಗಿ ಕಾಯುವುದೆಂದರೇನು ಎಂಬುದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಖಾತೆ ಇನ್ನೂ ಆಗಿಲ್ಲ, ಇಂಥ ದಿನ ಕಚೇರಿಗೆ ಹೋಗುತ್ತಿದ್ದೇನೆ, ಒಂದು ತಿಂಗಳ ಖರ್ಚಿಗೆ ತೊಂದರೆಯಾಗಬಹುದು ಎಂದು ನೇರವಾಗಿ ಹೇಳು. ಎಲ್ಲ ಚೆನ್ನಾಗಿದೆ ಎಂದು ದಿನವೂ ಹೇಳುವ ಭಾರವೂ ನಿನ್ನ ನಿದ್ರೆಯನ್ನು ಕಿತ್ತುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಮಗಳು ಅಕ್ಟೋಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಹೊರಡುತ್ತಿದ್ದಾಳೆ. ನಮ್ಮ ಮನೆಯವರು ತುಪ್ಪ, ಕೊಬ್ಬರಿ, ಉಪ್ಪಿನಕಾಯಿ, ಹಸಿ ಕರಿಬೇವು ಎಲ್ಲವನ್ನೂ ಕಟ್ಟುತ್ತಿದ್ದಾರೆ. ಏನನ್ನು ಕಳುಹಿಸಬೇಕು, ಏನನ್ನು ಬಿಡಬೇಕು?

ಉತ್ತರ: ನೀವು ಹೆಸರಿಸಿದ ನಾಲ್ಕರಲ್ಲಿ ಮೂರನ್ನು ಬಿಡಬೇಕಾಗುತ್ತದೆ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ, ತುಪ್ಪವೂ ಪೇಡವೂ ಅದರಲ್ಲಿ ಸೇರುತ್ತವೆ. ಹಸಿ ಸೊಪ್ಪು, ಹಣ್ಣು, ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಆದ್ದರಿಂದ ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ಕೊಡಿ. ಕೊಬ್ಬರಿಯ ವಿಷಯ ಹಲವರಿಗೆ ಗೊತ್ತಿಲ್ಲ: ಅದರಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದಲ್ಲಿ ಅದಕ್ಕೆ ತಡೆಯಿದೆ, ನಿಲ್ದಾಣದಲ್ಲಿ ತೆಗೆದಿಡಿಸುತ್ತಾರೆ. ಉಪ್ಪಿನಕಾಯಿ ಒಂದಿಷ್ಟು ಇರಲಿ, ಎಣ್ಣೆ ಸೋರದಂತೆ ಭದ್ರವಾಗಿ ಕಟ್ಟಿ, ಕೈಚೀಲದಲ್ಲಿ ಮಾತ್ರ ಇಡಬೇಡಿ. ರಾಗಿಹಿಟ್ಟು, ಸಾರಿನ ಪುಡಿ, ಹುಳಿಪುಡಿ, ಹುಣಸೆಹಣ್ಣು ಸಾಕು. ಅಕ್ಕಿ, ಬೇಳೆ, ಗೋಧಿಹಿಟ್ಟು ಅಲ್ಲಿಯೇ ಸಿಗುತ್ತವೆ.

ತುಪ್ಪದ ಬದಲು ತುಪ್ಪ ಕಾಯಿಸುವುದನ್ನು ಕಲಿಸಿ ಕಳುಹಿಸಿ ಎಂದು ನಿಮ್ಮ ಮನೆಯವರಿಗೆ ನನ್ನ ವಿನಂತಿ. ಅಲ್ಲಿನ ಅಂಗಡಿಗಳಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪೊಟ್ಟಣಗಳಲ್ಲಿ ದೊರೆಯುತ್ತದೆ. ನೊರೆ ಅಡಗಿ, ತಳದಲ್ಲಿ ಗಸಿ ಕೆಂಪಗಾಗುವ ಗಳಿಗೆಯನ್ನು ಕಣ್ಣಿನಿಂದಲೂ ಮೂಗಿನಿಂದಲೂ ಗುರುತಿಸುವುದು ಎರಡು ದಿನದಲ್ಲಿ ಬರುವ ವಿದ್ಯೆ. ಒಗ್ಗರಣೆಯ ಹೊಗೆಗೆ ಅಲ್ಲಿ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳಬಹುದು, ಆದ್ದರಿಂದ ಕಿಟಕಿ ತೆರೆದು, ಕಾರಿಡಾರಿನ ಬಾಗಿಲು ಮುಚ್ಚಿ, ಮೆಣಸಿನಕಾಯಿಯನ್ನು ಕಡೆಗೆ ಹಾಕಬೇಕೆಂದೂ ಹೇಳಿ. ಸಣ್ಣ ಕುಕ್ಕರು ಕೊಡುವುದಾದರೆ ತಳ ಚಪ್ಪಟೆಯಾಗಿರಲಿ, ಇಂಡಕ್ಷನ್ ಒಲೆಗೂ ಆಗುವಂತಿರಲಿ, ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಡಿ.

ದಪ್ಪನೆಯ ಚಳಿಕೋಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಅಲ್ಲಿನ ಚಳಿಗೆ ತಕ್ಕದ್ದು ಅಲ್ಲಿಯೇ ಸಿಗುತ್ತದೆ. ಕನ್ನಡಕವಿದ್ದರೆ ಇನ್ನೊಂದು ಜೊತೆ, ದಿನವೂ ನುಂಗುವ ಔಷಧಿಯಿದ್ದರೆ ವೈದ್ಯರ ಚೀಟಿ. ಎಲ್ಲಕ್ಕಿಂತ ಮುಖ್ಯವಾದುದು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು ಕಾಗುಣಿತ ಇರುವುದು ನಮ್ಮ ಕಡೆ ಸಾಮಾನ್ಯ. ಮೂರೂ ಒಬ್ಬಳದೇ ಎಂಬ ಪ್ರಮಾಣಪತ್ರವನ್ನು ಇಲ್ಲಿ ಮಾಡಿಸುವುದು ಒಂದು ದಿನದ ಕೆಲಸ, ಅಲ್ಲಿಂದ ಮಾಡಿಸುವುದು ತಿಂಗಳುಗಳ ಕೆಲಸ. ಮೂಲ ದಾಖಲೆಗಳು ಕೈಚೀಲದಲ್ಲಿರಲಿ. ಬ್ಲಾಕ್ಡ್ ಅಕೌಂಟಿನ ಹೊರತಾಗಿಯೂ ಮೊದಲ ತಿಂಗಳಿಗೆ ಬೇರೆ ಹಣ ಬೇಕಾಗುತ್ತದೆ, ಏಕೆಂದರೆ ಮನೆ ಕೊಡುವವರು ಮೂರು ತಿಂಗಳ ಮೂಲ ಬಾಡಿಗೆಯಷ್ಟು ಮುಂಗಡ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ನಿಮ್ಮ ಊರಿನ ರೇಷ್ಮೆಯದೊಂದು ಸೀರೆಯನ್ನೂ ಇಡಿ. ದೀಪಾವಳಿಗೆ ವಿದ್ಯಾರ್ಥಿಗಳೆಲ್ಲ ಸೇರಿದಾಗ ಅವಳಿಗೆ ಬೇಕಾಗುತ್ತದೆ.

ಪ್ರಶ್ನೆ: ಮಗ ಹೋಗಿ ಮೂರು ತಿಂಗಳಾಯಿತು. ಮೊದಲು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದವನು ಈಗ ಎರಡು ದಿನಕ್ಕೊಮ್ಮೆ ಮಾತನಾಡುತ್ತಾನೆ, ಮಾತೂ ಚುಟುಕು. ನಾವು ಮಾಡಿದರೆ ಎತ್ತುವುದಿಲ್ಲ. ನಮ್ಮನ್ನು ಮರೆಯುತ್ತಿದ್ದಾನೆಯೇ ಎಂಬ ಭಯ. ಮುಳಬಾಗಿಲಿನ ತಾಯಿ.

ಉತ್ತರ: ಅಮ್ಮಾ, ಫೋನು ಕಡಿಮೆಯಾದದ್ದು ಹೆಚ್ಚಿನ ಸಲ ಒಳ್ಳೆಯ ಲಕ್ಷಣ, ಅಲ್ಲಿ ಅವನಿಗೆ ಕೆಲಸವೂ ಜನವೂ ಹೊಂದಿಕೊಂಡಿರುವುದರ ಗುರುತು. ಎತ್ತದಿರಲು ಗಡಿಯಾರವೂ ಕಾರಣ. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ ಹಿಂದೆ. ನೀವು ಬೆಳಗ್ಗೆ ಒಂಬತ್ತಕ್ಕೆ ಕೆಲಸ ಮುಗಿಸಿ ಫೋನ್ ಹಿಡಿದರೆ ಚಳಿಗಾಲದಲ್ಲಿ ಅಲ್ಲಿ ನಸುಕಿನ ನಾಲ್ಕೂವರೆ. ರಾತ್ರಿ ಎಂಟೂವರೆಗೆ ಮಾಡಿದರೆ ಅವನಿಗೆ ಸಂಜೆ ನಾಲ್ಕು. ವಾರದಲ್ಲಿ ಮೂರು ದಿನ ಆ ಹೊತ್ತನ್ನು ಇಬ್ಬರೂ ಗೊತ್ತು ಮಾಡಿಕೊಳ್ಳಿ.

ನೀವು ಗಮನಿಸಬೇಕಾದದ್ದು ಬೇರೆ. ಮಾತಿನಲ್ಲಿ ಅಲ್ಲಿನ ಒಬ್ಬರ ಹೆಸರಾದರೂ ಬರುತ್ತಿದೆಯೇ? ಹಗಲೆಲ್ಲ ಮಲಗಿರುತ್ತಾನೆಯೇ? ಮುಖ ತೋರಿಸದೆ ಮಾತು ಮುಗಿಸುತ್ತಾನೆಯೇ? ಡಿಸೆಂಬರ್‌ನಲ್ಲಿ ಬರ್ಲಿನ್‌ನಂಥ ಊರಿನಲ್ಲಿ ಬೆಳಗ್ಗೆ ಎಂಟೂಕಾಲಿಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಆ ಕತ್ತಲೆ ಮೈಯನ್ನೂ ಮನಸ್ಸನ್ನೂ ಕುಗ್ಗಿಸುತ್ತದೆ. ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆದು ಬಾ ಎಂದು ಹೇಳಿ. ಎಷ್ಟು ಮಾರ್ಕ್ಸ್ ಬಂತು, ಕೆಲಸ ಸಿಕ್ಕಿತೇ ಎಂಬ ಮಾತಿನಿಂದ ಶುರು ಮಾಡಬೇಡಿ. ಅವರೆಕಾಯಿ ಸುಗ್ಗಿ ಬಂದಿದೆ, ಇವತ್ತು ಹಿತಕಿದ ಬೇಳೆ ಸಾರು ಮಾಡಿದೆ, ಬೇಳೆ ಹಿತುಕುತ್ತ ಕುಳಿತು ಬೆರಳೆಲ್ಲ ಸೊಗಡು ಎಂದು ಮನೆಯ ಸುದ್ದಿ ಹೇಳಿ. ಅವನೂ ಅಲ್ಲಿನ ಸುದ್ದಿ ಹೇಳುತ್ತಾನೆ.

ಪ್ರಶ್ನೆ: ಗೌರಿಬಿದನೂರಿನವಳು ನಾನು. ಮನೆಗೆ ಹೊರೆಯಾಗಬಾರದೆಂದು ಮೊದಲ ಸೆಮಿಸ್ಟರ್‌ನಲ್ಲಿಯೇ ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದೆ. ತರಗತಿಗಳು ತಪ್ಪಿದವು. ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಬೇಕೆಂದು ತಿಳಿಯದೆ ಎರಡು ವಿಷಯಗಳಲ್ಲಿ ಕುಳಿತುಕೊಳ್ಳಲಾಗಲಿಲ್ಲ. ನನ್ನ ಓದು ಇಲ್ಲಿಗೇ ಮುಗಿಯಿತೇ?

ಉತ್ತರ: ಮುಗಿದಿಲ್ಲ, ತಂಗಿ. ನಮ್ಮ ಕಾಲೇಜುಗಳಲ್ಲಿ ಪರೀಕ್ಷಾ ಅರ್ಜಿಯನ್ನು ಕಾಲೇಜಿನವರೇ ತುಂಬಿಸಿಕೊಳ್ಳುತ್ತಾರೆ. ಅಲ್ಲಿ ಪ್ರತಿ ವಿಷಯಕ್ಕೂ ವಿದ್ಯಾರ್ಥಿಯೇ ಗಡುವಿನೊಳಗೆ ಜಾಲತಾಣದಲ್ಲಿ ಹೆಸರು ಕೊಡಬೇಕು, ಗಡುವು ಮೀರಿದ ಮೇಲೆ ಪ್ರಾಧ್ಯಾಪಕರ ಕೈಯಲ್ಲಿಯೂ ಹೆಚ್ಚೇನೂ ಇರುವುದಿಲ್ಲ. ಈ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಂಡ ನಮ್ಮ ಕಡೆಯ ಮಕ್ಕಳನ್ನು ಪ್ರತಿ ವರ್ಷವೂ ಕಾಣುತ್ತೇನೆ, ಮೊದಲ ದಿನವೇ ಇದನ್ನು ಯಾರೂ ಅವರಿಗೆ ಹೇಳುವುದಿಲ್ಲವೆಂಬುದು ನನಗೆ ಬಹಳ ನೋವಿನ ವಿಷಯ. ಆದರೆ ನೋಂದಾಯಿಸದೆ ಇರುವುದು ಸಾಮಾನ್ಯವಾಗಿ ನಪಾಸಾದಂತೆ ಅಲ್ಲ. ಹೆಸರು ಕೊಟ್ಟು ನಪಾಸಾಗುವುದೇ ಹೆಚ್ಚು ಅಪಾಯ, ಏಕೆಂದರೆ ಅವಕಾಶಗಳು ಎಣಿಕೆಯವು, ಅನೇಕ ಕಡೆ ಮೂರೇ. ಅವೂ ಮುಗಿದರೆ ಅದೇ ಕೋರ್ಸನ್ನು ಆ ದೇಶದ ಬೇರೆ ವಿಶ್ವವಿದ್ಯಾಲಯಗಳಲ್ಲಿಯೂ ಓದಲಾಗದ ಸ್ಥಿತಿ ಬರಬಹುದು.

ಕೆಲಸವನ್ನು ಪೂರ್ತಿ ಬಿಡು ಎನ್ನುವುದಿಲ್ಲ, ರಾತ್ರಿ ಪಾಳಿಯನ್ನು ಬಿಡು. 2024ರ ಮಾರ್ಚ್‌ನಿಂದ ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ವಿಶ್ವವಿದ್ಯಾಲಯದೊಳಗೆ ಪ್ರಾಧ್ಯಾಪಕರ ಕೈಕೆಳಗೆ ಮಾಡುವ ವಿದ್ಯಾರ್ಥಿ ಸಹಾಯಕರ ಕೆಲಸ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಿವಿ ಎಂದು ಕರೆಯುವ ಆ ಕೆಲಸವನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಹುಡುಕು; ಸಂಬಳ ಗೋದಾಮಿನಷ್ಟೇ ಇದ್ದರೂ ಓದಿಗೆ ಹತ್ತಿರವಾಗಿರುತ್ತದೆ, ನಿನ್ನನ್ನು ಬಲ್ಲ ಒಬ್ಬ ಅಧ್ಯಾಪಕರು ಇರುತ್ತಾರೆ.

ಈ ವಾರ ಮಾಡಬೇಕಾದದ್ದು ಒಂದೇ ಕೆಲಸ. ವಿದ್ಯಾರ್ಥಿ ಸಂಖ್ಯೆಯನ್ನು ಬರೆದುಕೊಂಡು ನಿನ್ನ ವಿಭಾಗದ ಪರೀಕ್ಷಾ ಕಚೇರಿಗೆ ಹೋಗಿ, ತಪ್ಪಿದ ಎರಡು ವಿಷಯಗಳ ಮುಂದಿನ ಪರೀಕ್ಷೆ ಯಾವಾಗ, ನೋಂದಣಿಯ ಕೊನೆಯ ದಿನ ಯಾವುದು, ನನ್ನ ಅವಕಾಶಗಳಲ್ಲಿ ಎಷ್ಟು ಉಳಿದಿವೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಂಡು ಬಾ. ಅವರ ಬಾಗಿಲು ವಾರದಲ್ಲಿ ಕೆಲವೇ ಗಂಟೆ ತೆರೆದಿರುತ್ತದೆ, ಹೊರಡುವ ಮೊದಲು ಸಮಯವನ್ನು ನೋಡಿಕೋ.